ಊಟ ಆಯ್ತಾ ಅಂದರೆ, ಆಯ್ತು

ನಮ್ಮೂರಿನಲ್ಲಿ ನಮಸ್ಕಾರಕ್ಕಿಂತ ಮೊದಲು ಬರುವ ಮಾತು 'ಊಟ ಆಯ್ತಾ?' ದೇವರಾಜ ಮಾರುಕಟ್ಟೆಯಲ್ಲಿ ಹೂವು ಕಟ್ಟುವವರು ಕೇಳುತ್ತಾರೆ, ಬಸ್ಸಿನಲ್ಲಿ ಪಕ್ಕ ಕೂತವರು ಕೇಳುತ್ತಾರೆ, ಫೋನ್ ಮಾಡಿದ ತಂಗಿ ಕೇಳುತ್ತಾಳೆ. ಉತ್ತರವೂ ನಾಲಿಗೆಯ ತುದಿಯಲ್ಲೇ ಇರುತ್ತದೆ: 'ಆಯ್ತು, ನಿಮ್ದು?' ನಿಜವೋ ಸುಳ್ಳೋ ಎಂದು ಯಾರೂ ಕೆದಕುವುದಿಲ್ಲ. ಸರಸ್ವತಿಪುರಂನ ನನ್ನ ಪುಟ್ಟ ಕ್ಲಿನಿಕ್ಕಿಗೆ ವರ್ಷಗಳ ಹಿಂದೆ ಬಂದ ಶಾಲಾ ಶಿಕ್ಷಕಿಯೊಬ್ಬರಿಗೆ ಆಗ ಮೂವತ್ತೆಂಟು ವಯಸ್ಸು. ಮೊದಲ ದಿನ ಅರ್ಧ ಗಂಟೆ ಸುಮ್ಮನೆ ಕೂತಿದ್ದು, ಎದ್ದು ಹೊರಡುವಾಗ ಹೇಳಿದರು: "ಮೇಡಂ, ಹತ್ತೊಂಬತ್ತು ವರ್ಷದಿಂದ ದಿನಕ್ಕೆ ನಾಲ್ಕು ಸಲ 'ಆಯ್ತು' ಅಂದಿದೀನಿ. ಅದ್ರಲ್ಲಿ ಎಷ್ಟು ನಿಜ ಅಂತ ಈಗ ನಂಗೇ ಗೊತ್ತಿಲ್ಲ."

ನಾನು ಕ್ಲಿನಿಕಲ್ ಸೈಕಾಲಜಿಸ್ಟ್. ಇಪ್ಪತ್ತು ವರ್ಷಕ್ಕೂ ಮಿಕ್ಕಿ ಮೈಸೂರಿನಲ್ಲೇ ಕೆಲಸ. ಊಟ ಬಿಡುವ ಅನೊರೆಕ್ಸಿಯಾ, ಮಿತಿಮೀರಿ ತಿಂದು ವಾಂತಿ ಮಾಡಿಕೊಳ್ಳುವ ಬುಲಿಮಿಯಾ, ಮಿತಿಮೀರಿ ತಿನ್ನುವ ಬಿಂಜ್ ಈಟಿಂಗ್ ಎಂದು ವೈದ್ಯರು ಹೆಸರಿಟ್ಟ ಈ ಕಾಯಿಲೆಗಳಿಗೆ ಮನೆಗಳಲ್ಲಿ ಹೆಸರಿಲ್ಲ. 'ಅವಳಿಗೆ ಊಟದ್ದೇ ಸಮಸ್ಯೆ' ಅನ್ನುತ್ತಾರೆ. ನಾನೂ ಹಾಗೇ ಅನ್ನುತ್ತೇನೆ. ಇಲ್ಲಿ ಬರೆಯುತ್ತಿರುವುದು ವಯಸ್ಕರ ಬಗ್ಗೆ. ಒಮ್ಮೆ ಸುಧಾರಿಸಿ ಮತ್ತೆ ಬಿದ್ದವರು, ಬಿದ್ದು ಮತ್ತೆ ಎದ್ದವರು ನನಗೆ ಕಲಿಸಿದ್ದು. ಯಾರ ಗುರುತೂ ಸಿಗದಂತೆ ವಯಸ್ಸು, ಕೆಲಸ, ಮನೆಯ ವಿವರಗಳನ್ನು ಬದಲಿಸಿದ್ದೇನೆ. ಯಾರ ತೂಕವನ್ನೂ, ಕ್ಯಾಲೊರಿಯ ಲೆಕ್ಕವನ್ನೂ ಬರೆದಿಲ್ಲ. ಕಾಯಿಲೆಯ ನಡುವೆ ಇರುವವರ ಕಣ್ಣು ಮೊದಲು ಆ ಅಂಕಿಯ ಮೇಲೆ ಬೀಳುತ್ತದೆ, ಆಮೇಲೆ ಅದೇ ಗುರಿಯಾಗಿ ಕೂರುತ್ತದೆ.

1. ದೊಡ್ಡವರು ಬೇರೆ ಬಾಗಿಲಿನಿಂದ ಬರುತ್ತಾರೆ

ನಾನು ಓದುವಾಗ ಪುಸ್ತಕದಲ್ಲಿದ್ದವಳು ಹದಿನಾರರ ಹುಡುಗಿ, ಕನ್ನಡಿಯ ಮುಂದೆ ನಿಂತು 'ನಾನು ದಪ್ಪ' ಅನ್ನುವವಳು. ನನ್ನ ಹತ್ತಿರ ಬಂದ ವಯಸ್ಕರಲ್ಲಿ ಹಾಗೆ ಹೇಳಿಕೊಂಡು ಬಂದವರು ತೀರಾ ಕಡಿಮೆ. ಅವರು ತಂದದ್ದು ದಪ್ಪನೆಯ ಫೈಲು. ಒಳಗೆ ಎರಡು ಮೂರು ಎಂಡೋಸ್ಕೋಪಿ ವರದಿ, ಎಲ್ಲ ನಾರ್ಮಲ್. 'ಗ್ಯಾಸ್ಟ್ರಿಕ್', 'ಹೊಟ್ಟೆ ಉಬ್ಬರ', 'ಎರಡು ತುತ್ತಿಗೇ ತುಂಬಿಬಿಡುತ್ತೆ' ಎಂಬ ದೂರುಗಳು. ಮುಟ್ಟು ನಿಂತಿತೆಂದು ಸ್ತ್ರೀರೋಗ ತಜ್ಞರ ಬಳಿ ಹೋಗಿ ಅಲ್ಲಿಂದ ಬಂದವರಿದ್ದಾರೆ. ಹಲ್ಲಿನ ಒಳಬದಿ ಸವೆದಿರುವುದನ್ನು ಕಂಡ ದಂತವೈದ್ಯರು ಮೆಲ್ಲಗೆ ವಿಚಾರಿಸಿ ಕಳಿಸಿದವರೂ ಇದ್ದಾರೆ.

ಇದು ನನ್ನೊಬ್ಬಳ ಅನುಭವವಲ್ಲ. 1995ರಲ್ಲಿ ದೆಹಲಿಯ ಮನೋವೈದ್ಯರು ಐವರು ಯುವತಿಯರ ಬಗ್ಗೆ ಬರೆದರು. ಅವರು ಊಟ ಬಿಟ್ಟಿದ್ದರು, ವಾಂತಿಯಾಗುತ್ತಿತ್ತು, ತೂಕ ಇಳಿದಿತ್ತು, ಮುಟ್ಟು ನಿಂತಿತ್ತು. ಪಶ್ಚಿಮದ ಪುಸ್ತಕಗಳು ಹೇಳುವ ದೇಹದ ಆಕಾರದ ಚಿಂತೆ ಮಾತ್ರ ಕಾಣಲಿಲ್ಲ. ಹಾಂಗ್‌ಕಾಂಗಿನ ಸಿಂಗ್ ಲೀ ಕೂಡ ತೊಂಬತ್ತರ ದಶಕದಲ್ಲಿ ಇಂಥ ರೋಗಿಗಳನ್ನು ವಿವರಿಸಿದರು: ದಪ್ಪಗಾಗುವ ಭಯವನ್ನು ಅವರು ಹೇಳುತ್ತಿರಲಿಲ್ಲ, ಹೊಟ್ಟೆ ಉಬ್ಬರ ಎನ್ನುತ್ತಿದ್ದರು. 2012ರಲ್ಲಿ ಪ್ರಕಟವಾದ ಬೆಂಗಳೂರಿನ ಸಮೀಕ್ಷೆಯಲ್ಲಿ 66 ಮನೋವೈದ್ಯರನ್ನು ಕೇಳಿದಾಗ, ಮೂರರಲ್ಲಿ ಎರಡರಷ್ಟು ಮಂದಿ ಊಟದ ಕಾಯಿಲೆಯ ಒಬ್ಬ ರೋಗಿಯನ್ನಾದರೂ ಕಂಡಿದ್ದರು. ನಮ್ಮ ಮೈಸೂರಿನದೇ ಲೆಕ್ಕವೂ ಇದೆ. 15ರಿಂದ 25 ವಯಸ್ಸಿನ 1,600 ವಿದ್ಯಾರ್ಥಿಗಳಿಗೆ ಪ್ರಶ್ನಾವಳಿ ಕೊಟ್ಟು ಮಾಡಿದ ಅಧ್ಯಯನ 2018ರಲ್ಲಿ 'ಇಂಡಿಯನ್ ಜರ್ನಲ್ ಆಫ್ ಸೈಕಿಯಾಟ್ರಿ'ಯಲ್ಲಿ ಬಂತು. ಶೇ. 26ರಷ್ಟು ವಿದ್ಯಾರ್ಥಿಗಳಲ್ಲಿ ಊಟದ ಬಗೆಗಿನ ಧೋರಣೆ ಹಾದಿ ತಪ್ಪಿರುವ ಸೂಚನೆ ಸಿಕ್ಕಿತು. ಪ್ರಶ್ನಾವಳಿಯ ಅಂಕವೇ ಕಾಯಿಲೆಯಲ್ಲ, ಅವರಲ್ಲಿ ಬಹುಪಾಲು ಮಂದಿ ತಾವಾಗಿಯೇ ಸರಿಹೋಗಿರಬಹುದು. ಆದರೆ ಆ ಮಕ್ಕಳು ಈಗ ಕೆಲಸಕ್ಕೆ ಸೇರಿ, ಮದುವೆಯಾಗಿ, ಮನೆ ನಡೆಸುವ ವಯಸ್ಸಿಗೆ ಬಂದಿದ್ದಾರೆ ಎಂಬುದು ಆಗಾಗ ನನ್ನ ನೆನಪಿಗೆ ಬರುತ್ತದೆ.

'ಏನು ತಿಂತೀರಿ?' ಎಂದು ನಾನು ಈಗ ಮೊದಲಿಗೆ ಕೇಳುವುದಿಲ್ಲ. ಅದಕ್ಕೆ ಅಭ್ಯಾಸವಾದ ಉತ್ತರ ಸಿಗುತ್ತದೆ. 'ಕಡೇ ಸಲ ಯಾರ ಜೊತೆಗೋ ಕೂತು ನಿರಾಳವಾಗಿ ಊಟ ಮಾಡಿದ್ದು ಯಾವಾಗ?' ಅನ್ನುತ್ತೇನೆ. ಈ ಪ್ರಶ್ನೆಗೆ ಎಷ್ಟೋ ಜನ ಲೆಕ್ಕ ಹಾಕುತ್ತಾ ಕೂತು ಅಳುತ್ತಾರೆ.

2. ತೂಕ ಬಂತೆಂದು ಫೈಲು ಮುಚ್ಚಬಾರದು

ಇದು ನನ್ನದೇ ತಪ್ಪಿನಿಂದ ಕಲಿತದ್ದು. ಕೆಲಸಕ್ಕೆ ಇಳಿದ ಆರನೇ ವರ್ಷ. ಇಪ್ಪತ್ತೊಂಬತ್ತರ ಬ್ಯಾಂಕ್ ಉದ್ಯೋಗಿ. ಒಂದು ವರ್ಷದ ಕಷ್ಟದ ಚಿಕಿತ್ಸೆಯ ನಂತರ ತೂಕ ಸರಿಯಾಯಿತು, ಮುಟ್ಟು ಮರಳಿ ಬಂತು, ಮುಖದಲ್ಲಿ ಕಳೆ ಬಂತು. ಅವರ ತಾಯಿ ಮೈಸೂರು ಪಾಕಿನ ಡಬ್ಬಿ ತಂದುಕೊಟ್ಟರು. ನಾನೂ ಹಿಗ್ಗಿದೆ. 'ಇನ್ನು ಬರೋದು ಬೇಡ, ಏನಾದ್ರೂ ಇದ್ರೆ ಫೋನ್ ಮಾಡಿ' ಅಂದೆ. ಹದಿನಾಲ್ಕು ತಿಂಗಳ ನಂತರ ಬಂದಾಗ ಅವರು ಮೊದಲ ಸಲಕ್ಕಿಂತ ಕ್ಷೀಣವಾಗಿದ್ದರು. "ಫೋನ್ ಯಾಕೆ ಮಾಡ್ಲಿಲ್ಲ?" ಎಂದು ಕೇಳಿದೆ. "ನೀವು ಅಷ್ಟು ಖುಷಿ ಪಟ್ಟಿದ್ರಿ. ಹೇಗೆ ಹೇಳ್ಲಿ?" ಎಂದರು. ನನ್ನ ಹಿಗ್ಗು ಅವರ ಬಾಯಿ ಕಟ್ಟಿತ್ತು. ಆ ಮಾತು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಮೈ ಮೊದಲು ಚೇತರಿಸಿಕೊಳ್ಳುತ್ತದೆ. ಮನಸ್ಸು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಹಿಂದೆ ನಡೆದು ಬರುತ್ತದೆ. ಇದನ್ನು ಮನೆಯವರಿಗೆ ವಿವರಿಸಲು ನಾನು ಅಮೆರಿಕದ ಮಿನೆಸೋಟದ ಕಥೆ ಹೇಳುತ್ತೇನೆ. ಎರಡನೇ ಮಹಾಯುದ್ಧದ ಕೊನೆಯಲ್ಲಿ, 1944-45ರಲ್ಲಿ, ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಆರೋಗ್ಯವಂತ ಯುವಕರನ್ನು, ಅವರ ಒಪ್ಪಿಗೆಯಿಂದಲೇ, ಆರು ತಿಂಗಳು ಅರೆಹೊಟ್ಟೆಯಲ್ಲಿ ಇಟ್ಟರು. ಯುದ್ಧದಲ್ಲಿ ಹಸಿದ ಯುರೋಪಿನ ಜನರಿಗೆ ಮತ್ತೆ ಉಣಿಸುವುದು ಹೇಗೆಂದು ತಿಳಿಯಬೇಕಿತ್ತು. ಅವರ ತೂಕ ಸುಮಾರು ಕಾಲು ಭಾಗ ಇಳಿಯಿತು. ಜೊತೆಗೆ ಸ್ವಭಾವವೇ ಬದಲಾಯಿತು. ಮೊದಲು ಯಾವ ಆಸಕ್ತಿಯೂ ಇಲ್ಲದಿದ್ದವರು ಅಡುಗೆ ಪುಸ್ತಕ ಗುಡ್ಡೆಹಾಕಿಕೊಂಡರು, ಒಂದು ಊಟವನ್ನು ಗಂಟೆಗಟ್ಟಲೆ ಎಳೆದರು, ಗೆಳೆಯರಿಂದ ದೂರವಾದರು, ಸಣ್ಣದಕ್ಕೂ ಸಿಡುಕಿದರು. ಮತ್ತೆ ಊಟ ಕೊಡಲು ತೊಡಗಿದಾಗ ಎಲ್ಲವೂ ಒಮ್ಮೆಗೇ ಸರಿಹೋಗಲಿಲ್ಲ. ಕೆಲವರು ಹೊಟ್ಟೆ ಬಿರಿಯುವಷ್ಟು ತಿಂದರೂ ಹಸಿವು ತೀರಲಿಲ್ಲ ಎಂದರು, ಅದು ತಿಂಗಳುಗಟ್ಟಲೆ ಮುಂದುವರಿಯಿತು. ಅವರಲ್ಲಿ ಯಾರಿಗೂ ಮೊದಲು ಊಟದ ಕಾಯಿಲೆ ಇರಲಿಲ್ಲ. ಹಸಿವೊಂದೇ ಅಷ್ಟು ಮಾಡಿತು.

ಈ ಕಥೆ ಕೇಳಿದ ಮಂಡಿ ಮೊಹಲ್ಲಾದ ತಂದೆಯೊಬ್ಬರು ಬಹಳ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ನನ್ನ ಮಗ್ಳು ಹಟಮಾರಿ ಅಲ್ಲ" ಅಂದರು. ಎಂಟು ವರ್ಷ ಅವರು ಮಗಳನ್ನು ಹಟಮಾರಿ ಎಂದೇ ಬೈದಿದ್ದರು.

ಈಗ ನಾನು ಯಾರಿಗೂ 'ಇನ್ನು ಬರಬೇಡಿ' ಅನ್ನುವುದಿಲ್ಲ. ತೂಕ ಸರಿಹೋದ ಮೇಲಿನ ಮೊದಲ ವರ್ಷವೇ ಮರುಕಳಿಕೆಗೆ ಹೆಚ್ಚು ಅಪಾಯದ ಕಾಲ. ಆ ವರ್ಷ ಹದಿನೈದು ದಿನಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ, ಆಮೇಲೆ ಮೂರು ತಿಂಗಳಿಗೊಮ್ಮೆ. ಎಲ್ಲ ಚೆನ್ನಾಗಿದ್ದರೂ ಬರಬೇಕು. ಚೆನ್ನಾಗಿದ್ದಾಗ ಬಂದು ಹೋಗುವ ರೂಢಿಯಿದ್ದವರು ಕೆಟ್ಟಾಗಲೂ ಸಂಕೋಚವಿಲ್ಲದೆ ಬರುತ್ತಾರೆ. ಅವರು ಏನೇ ಹೇಳಿದರೂ ಮುಖದಲ್ಲಿ ನಿರಾಸೆ ಕಾಣಿಸದಂತೆ ಕೇಳುವುದನ್ನು ನಾನು ಅಭ್ಯಾಸ ಮಾಡಿಕೊಳ್ಳಬೇಕಾಯಿತು.

3. ವ್ರತಕ್ಕೆ ಪಾರಣೆ ಇದೆ

ಮರುಕಳಿಕೆ ಹಳೆಯ ವೇಷದಲ್ಲಿ ಬಂದರೆ ಮನೆಯವರು ಗುರುತು ಹಿಡಿಯುತ್ತಾರೆ. ಹಾಗಾಗಿ ಅದು ಊರು ಗೌರವಿಸುವ ಬಟ್ಟೆ ಉಟ್ಟು ಬರುತ್ತದೆ. ಮೈಸೂರಿನಲ್ಲಿ ನಾನು ಕಂಡಷ್ಟು ವೇಷ ಹೇಳುತ್ತೇನೆ. ಆಷಾಢ ಶುಕ್ರವಾರ ಚಾಮುಂಡಿ ತಾಯಿಗೆಂದು ಹಿಡಿದ ಉಪವಾಸ ಶ್ರಾವಣ ಶನಿವಾರಕ್ಕೂ, ಆಮೇಲೆ ಸೋಮವಾರಕ್ಕೂ ಹಬ್ಬುವುದು. ಏಕಾದಶಿ ಹೋಗಿ ವಾರಕ್ಕೆ ಮೂರು ದಿನ ಒಪ್ಪತ್ತಾಗುವುದು. 'ಸಕ್ಕರೆ ಕಾಯಿಲೆ ನಮ್ಮ ವಂಶದಲ್ಲೇ ಇದೆ' ಎಂದು ಅನ್ನ ಬಿಡುವುದು, ಆಮೇಲೆ ಎಣ್ಣೆ, ಆಮೇಲೆ ಹಾಲು. ನವಣೆ, ಸಾಮೆ ಒಳ್ಳೆಯದೇ. ಆದರೆ ಸಿರಿಧಾನ್ಯದ ಹೆಸರಿನಲ್ಲಿ ತಟ್ಟೆಯೇ ಖಾಲಿಯಾದವರು ಇದ್ದಾರೆ. ಬೆಟ್ಟದ ಸಾವಿರ ಮೆಟ್ಟಿಲನ್ನು ಭಾನುವಾರ ಹತ್ತುತ್ತಿದ್ದವರು ದಿನಾ ಹತ್ತತೊಡಗುವುದು, ಜ್ವರ ಬಂದರೂ ಬಿಡದಿರುವುದು. ಕುಕ್ಕರಹಳ್ಳಿ ಕೆರೆ ಸುತ್ತುವ ದಾರಿಯಲ್ಲಿ ಎದುರಿಗೆ ಸಿಕ್ಕವರೆಲ್ಲ 'ಎಷ್ಟು ಶಿಸ್ತು ನೋಡಿ' ಎಂದು ಹೊಗಳುತ್ತಾರೆ. ನನ್ನ ಎದುರು ಕೂತಾಗ ಅದೇ ವ್ಯಕ್ತಿ, 'ಒಂದು ಸುತ್ತು ಕಡಿಮೆಯಾದ್ರೆ ರಾತ್ರಿ ನಿದ್ದೆ ಬರಲ್ಲ' ಎನ್ನುತ್ತಾರೆ.

ಭಕ್ತಿಗೂ ಕಾಯಿಲೆಗೂ ಇರುವ ವ್ಯತ್ಯಾಸವನ್ನು ನನಗೆ ತಿಳಿಸಿಕೊಟ್ಟವರು ಒಂಟಿಕೊಪ್ಪಲಿನ ಒಬ್ಬ ಅಜ್ಜಿ. ಮೊಮ್ಮಗಳಿಗೆ ಮೂವತ್ತೆರಡು, ಮೂರು ವರ್ಷ ಚೆನ್ನಾಗಿದ್ದವಳು. ಮತ್ತೆ ಊಟ ಬಿಡಲು ತೊಡಗಿ 'ಅಜ್ಜಿ ಮಾಡಲ್ವಾ ಏಕಾದಶಿ?' ಎಂದು ವಾದಿಸುತ್ತಿದ್ದಳು. ಅಜ್ಜಿ ಅವಳ ಜೊತೆಯಲ್ಲೇ ಬಂದು ನನ್ನ ಮುಂದೆಯೇ ಹೇಳಿದರು: "ನಾನು ಏಕಾದಶಿ ಮಾಡ್ತೀನಿ ಮಗಾ, ದ್ವಾದಶಿ ಬೆಳಿಗ್ಗೆ ಪಾರಣೆನೂ ಮಾಡ್ತೀನಿ. ಪಾರಣೆ ಮಾಡ್ದೆ ಇದ್ರೆ ವ್ರತ ಪೂರ್ತಿ ಆಗಲ್ಲ. ನಿಂದು ಶುರು ಆಗತ್ತೆ, ಮುಗಿಯೋದೇ ಇಲ್ವಲ್ಲ. ಔಷಧಿ ತಗೊಳ್ಳೋರಿಗೆ ಉಪವಾಸ ಇಲ್ಲ, ಯಾವ ದೇವ್ರೂ ಕೇಳಲ್ಲ."

ಅಂದಿನಿಂದ ನಾನು ಕೇಳುವುದು ಅದನ್ನೇ: ಇದಕ್ಕೆ ಪಾರಣೆ ಯಾವಾಗ? ಪಾರಣೆಯಲ್ಲಿ ಏನು ತಿನ್ನುತ್ತೀರಿ? ಯಾರ ಜೊತೆ? ಉತ್ತರ ತಡವರಿಸಿದರೆ ಅದು ವ್ರತವಲ್ಲ. ಉದಯಗಿರಿಯಿಂದ ಬರುವ ಮುಸ್ಲಿಂ ಮಹಿಳೆಯೊಬ್ಬರಿಗೆ ರಂಜಾನ್ ತಿಂಗಳು ಪ್ರತಿ ವರ್ಷ ಪರೀಕ್ಷೆ. ಕಾಯಿಲೆಯವರಿಗೆ ರೋಜಾದಿಂದ ವಿನಾಯಿತಿ ಇದೆ ಎಂದು ಅವರಿಗೆ ಗೊತ್ತಿತ್ತು, ಆದರೆ ಊಟದ ಸಮಸ್ಯೆ ಕಾಯಿಲೆಯೆಂದು ಯಾರೂ ಒಪ್ಪಿರಲಿಲ್ಲ. ಮನೋವೈದ್ಯರು ಚೀಟಿ ಬರೆದುಕೊಟ್ಟರು, ಅವರ ಅಣ್ಣ ಮಸೀದಿಯಲ್ಲಿ ಕೇಳಿಕೊಂಡು ಬಂದರು. ಈಗ ಆ ತಿಂಗಳು ಅವರು ಇಫ್ತಾರಿಗೆ ಅಡುಗೆ ಮಾಡುತ್ತಾರೆ, ರೋಜಾ ಹಿಡಿಯುವುದಿಲ್ಲ, ಬದಲಿಗೆ ಬಡವರಿಗೆ ಊಟ ಕೊಡಿಸುತ್ತಾರೆ. ನಂಬಿಕೆಯ ವಿರುದ್ಧ ನಿಂತು ವಾದಿಸಿದಾಗಲೆಲ್ಲ ನಾನು ಸೋತಿದ್ದೇನೆ. ನಂಬಿಕೆಯ ಒಳಗೇ ಇರುವ ಕರುಣೆಯನ್ನು ಮನೆಯ ಹಿರಿಯರ ಬಾಯಲ್ಲಿ ಹೇಳಿಸಿದಾಗ ಕೆಲಸವಾಗಿದೆ.

4. ಎಡವಿದ ಬೆರಳೇ ಎಡವುತ್ತದೆ

ಗಾದೆ ಎಲ್ಲರಿಗೂ ಗೊತ್ತು. ಆದರೆ ಎಡವುವುದು ಬೇರೆ, ಬಿದ್ದು ಅಲ್ಲೇ ಮಲಗುವುದು ಬೇರೆ. ಕುಡಿತ ಬಿಟ್ಟವರ ಮೇಲೆ ಕೆಲಸ ಮಾಡಿದ ಅಮೆರಿಕದ ಮನಶ್ಶಾಸ್ತ್ರಜ್ಞ ಅಲನ್ ಮಾರ್ಲಾಟ್ ಇದನ್ನು ಚೆನ್ನಾಗಿ ಗುರುತಿಸಿದ್ದರು. ಒಂದು ಗುಟುಕು ಕುಡಿದ ಮೇಲೆ 'ಎಲ್ಲ ಹಾಳಾಯ್ತು, ಇನ್ನೇನು' ಎಂಬ ನಾಚಿಕೆಯೇ ಇಡೀ ಬಾಟಲಿಯತ್ತ ತಳ್ಳುತ್ತದೆ. ಊಟದ ಸಮಸ್ಯೆಯಲ್ಲೂ ಹಾಗೇ. ತಮ್ಮನ ಮದುವೆಯ ಬೀಗರ ಊಟದ ದಿನ ಎರಡು ವರ್ಷಗಳ ನಂತರ ಮೊದಲ ಸಲ ವಾಂತಿ ಮಾಡಿಕೊಂಡ ಒಬ್ಬರು, ಮರುದಿನವೇ ಬಂದಿದ್ದರೆ ಅದು ಒಂದು ಗಂಟೆಯ ಮಾತಾಗುತ್ತಿತ್ತು. ಅವರು ಬಂದದ್ದು ಐದು ತಿಂಗಳ ನಂತರ. ಆ ದಿನದ ವಾಂತಿ ಅವರನ್ನು ಬೀಳಿಸಲಿಲ್ಲ. 'ಮೇಡಂಗೆ ಯಾವ ಮುಖ ತೋರಿಸ್ಲಿ' ಎಂದು ಮನೆಯಲ್ಲಿ ಕೂತ ಐದು ತಿಂಗಳು ಬೀಳಿಸಿತು.

ಹೀಗೆ ಹಿಂದಕ್ಕೆ ಹೋದವರ ದಿನಗಳನ್ನು ಅವರ ಜೊತೆಯೇ ಕೂತು ಬಿಡಿಸಿ ನೋಡಿದ್ದೇನೆ. ತಟ್ಟೆಯಲ್ಲಿ ಬದಲಾವಣೆ ಕಾಣುವ ವಾರಗಳ ಮೊದಲೇ ಮಾತಿನಲ್ಲಿ ಬದಲಾವಣೆ ಬಂದಿರುತ್ತದೆ. ಅಕ್ಕನಿಗೆ ದಿನಾ ಹೋಗುತ್ತಿದ್ದ ಫೋನು ವಾರಕ್ಕೊಮ್ಮೆಯಾಗಿರುತ್ತದೆ. 'ನೀವೆಲ್ಲ ಮುಗಿಸಿ, ನಾನು ಆಮೇಲೆ ತಿಂತೀನಿ' ಎಂಬುದು ಶುರುವಾಗಿರುತ್ತದೆ. ಮೊದಲು ಮರಳಿ ಬರುವುದು ಗುಟ್ಟು, ಕಾಯಿಲೆ ಅದರ ಬೆನ್ನಿಗೆ ಬರುತ್ತದೆ. ಹಾಗಾಗಿ ಚಿಕಿತ್ಸೆ ಮುಗಿಯುವ ಮೊದಲು ಪ್ರತಿಯೊಬ್ಬರೂ ಒಬ್ಬರನ್ನು ಆರಿಸಿಕೊಳ್ಳಬೇಕೆಂದು ನಾನು ಒತ್ತಾಯಿಸುತ್ತೇನೆ. ಎಡವಿದ ದಿನವೇ, ರಾತ್ರಿ ಮಲಗುವ ಮೊದಲು, ಆ ಒಬ್ಬರಿಗೆ ಹೇಳಬೇಕು. ಪೂರ್ತಿ ಕಥೆ ಬೇಡ. 'ಇವತ್ತು ಆಗಲಿಲ್ಲ' ಎಂಬ ಮೂರು ಪದ ಸಾಕು ಎನ್ನಲು ಹೋಗಿ, ಅದು ಎರಡೇ ಪದ ಎಂದು ಒಬ್ಬರು ನನ್ನನ್ನು ತಿದ್ದಿದರು. ಎರಡೇ ಪದ, ಸರಿ. ಕೇಳಿಸಿಕೊಂಡವರು ಬುದ್ಧಿ ಹೇಳಕೂಡದು. 'ಸರಿ, ನಾಳೆ ಬೆಳಿಗ್ಗೆ ತಿಂಡಿ ಹೊತ್ತಿಗೆ ಫೋನ್ ಮಾಡ್ತೀನಿ' ಅಂದರೆ ಸಾಕು.

5. ಎಡವಿದ ಮೇಲಿನ ಮೊದಲ ಕೆಲಸ, ಮುಂದಿನ ಊಟ

ಹೊತ್ತಿಗೆ ಸರಿಯಾಗಿ, ಎಂದಿನಷ್ಟೇ. ನೆನ್ನೆ ಹೆಚ್ಚಾಯಿತೆಂದು ಇವತ್ತು ಬಿಟ್ಟರೆ ಸಂಜೆಗೆ ಮತ್ತೆ ಅದೇ. ಆಕ್ಸ್‌ಫರ್ಡಿನ ಕ್ರಿಸ್ಟೋಫರ್ ಫೇರ್‌ಬರ್ನ್ ರೂಪಿಸಿದ ಚಿಕಿತ್ಸೆಯ ತಳಪಾಯವೇ ಇದು: ದಿನಕ್ಕೆ ಮೂರು ಊಟ, ನಡುವೆ ಎರಡು ಮೂರು ಸಣ್ಣ ತಿನಿಸು, ಎಚ್ಚರವಿರುವ ಹೊತ್ತಿನಲ್ಲಿ ನಾಲ್ಕು ಗಂಟೆಗಿಂತ ಹೆಚ್ಚು ಅಂತರ ಬೇಡ. ಮೊದಲ ಸಲ ಓದಿದಾಗ ಇದು ನಮ್ಮ ಅಜ್ಜಿಯ ಮನೆಯ ದಿನಚರಿಯಲ್ಲವೇ ಅನ್ನಿಸಿತು. ಬೆಳಿಗ್ಗೆ ತಿಂಡಿ, ಹನ್ನೊಂದಕ್ಕೆ ಕಾಫಿ ಜೊತೆ ಏನಾದರೂ, ಮಧ್ಯಾಹ್ನ ಸಾರು-ಅನ್ನ, ಸಂಜೆ ಕೋಡುಬಳೆಯೋ ಚುರುಮುರಿಯೋ, ರಾತ್ರಿ ಊಟ. ಪಥ್ಯದ ಪಟ್ಟಿಗೆ ಹೆದರುವವರೂ ಈ ದಿನಚರಿಗೆ ಹೆದರುವುದಿಲ್ಲ, ಯಾಕೆಂದರೆ ಅದು ಅವರ ಮನೆಯಲ್ಲಿ ಒಮ್ಮೆ ಇದ್ದದ್ದು.

6. ಬಡಿಸುವವರ ತಟ್ಟೆಯನ್ನು ಯಾರೂ ನೋಡುವುದಿಲ್ಲ

ಮದುವೆಯಾದ ಹೆಣ್ಣುಮಕ್ಕಳಲ್ಲಿ ಈ ಕಾಯಿಲೆ ಇಷ್ಟು ವರ್ಷ ಅಡಗಿರಲು ನಮ್ಮ ಊಟದ ಕ್ರಮವೂ ಕಾರಣ ಎಂದು ನಾನು ದೃಢವಾಗಿ ನಂಬಿದ್ದೇನೆ. ಗಂಡ, ಮಕ್ಕಳು, ಅತ್ತೆ ಮಾವ ಎಲ್ಲ ಉಂಡ ಮೇಲೆ ಅವಳು ಅಡುಗೆಮನೆಯಲ್ಲಿ ಒಬ್ಬಳೇ. ತಿಂದಳೋ, ಚೆಲ್ಲಿದಳೋ, ಪಾತ್ರೆಯಲ್ಲಿ ಉಳಿದದ್ದನ್ನೆಲ್ಲ ನಿಂತುಕೊಂಡೇ ತಿಂದು ಆಮೇಲೆ ಅತ್ತಳೋ, ಯಾರು ನೋಡಿದರು? ನೋಡದೇ ಇದ್ದದ್ದಕ್ಕೆ 'ನಮ್ಮ ಸೊಸೆ ಎಲ್ರಿಗೂ ಬಡಿಸಿ ಆಮೇಲೆ ಊಟ ಮಾಡ್ತಾಳೆ' ಎಂಬ ಮೆಚ್ಚುಗೆ ಬೇರೆ. ಊಟದ ಸಮಸ್ಯೆ ಇದ್ದೂ ಮನೆಮಂದಿಗೆಲ್ಲ ಬಗೆಬಗೆಯ ಅಡುಗೆ ಮಾಡಿ ಬಡಿಸುವುದರಲ್ಲೇ ಮುಳುಗಿದವರನ್ನು ಕಂಡಾಗಲೆಲ್ಲ ನನಗೆ ಮಿನೆಸೋಟದ ಹುಡುಗರ ಅಡುಗೆ ಪುಸ್ತಕಗಳ ನೆನಪು.

ಆ ಶಿಕ್ಷಕಿಯ ಗಂಡ ಕಾಲೇಜಿನಲ್ಲಿ ಪಾಠ ಹೇಳುವವರು, ಮಾತು ಕಡಿಮೆ. ಮೂರನೇ ಸಲ ಬಂದಾಗ "ನಾನೇನು ಮಾಡ್ಬೇಕು ಹೇಳಿ" ಎಂದರು. "ಏನೂ ಹೇಳಬೇಡಿ. ಅವರು ಕೂರೋವರೆಗೂ ನೀವು ತುತ್ತು ಎತ್ತಬೇಡಿ" ಅಂದೆ. ಮೊದಲ ವಾರ ಅತ್ತೆಗೆ ಇದು ಸರಿಕಾಣಲಿಲ್ಲ, ಸಾರು ಆರಿಹೋಗುತ್ತದೆಂದು ಗೊಣಗಿದರು. ಎರಡನೇ ತಿಂಗಳು ಅತ್ತೆಯೇ ಇನ್ನೊಂದು ಮಣೆ ಹಾಕಿದರಂತೆ. ಅವರು ನನ್ನ ಬಳಿ ಯಾವತ್ತೂ ಬಂದವರಲ್ಲ, ಮಣೆಯ ಸುದ್ದಿ ಸೊಸೆಯೇ ಹೇಳಿದ್ದು.

ಮನೆಯವರ ನಾಲಿಗೆಯ ಬಗ್ಗೆ ಎರಡು ಮಾತು. ಸುಧಾರಿಸುತ್ತಿರುವವರಿಗೆ 'ಈಗ ಮೈ ತುಂಬ್ಕೊಂಡಿದೀಯ, ಲಕ್ಷಣವಾಗಿದೀಯ' ಎಂದು ಪ್ರೀತಿಯಿಂದಲೇ ಹೇಳುತ್ತಾರೆ. ಕೇಳುವವರ ಕಿವಿಗೆ ಬೀಳುವುದು 'ದಪ್ಪಗಾಗಿದೀಯ' ಎಂದು. 'ಸಣ್ಣ ಆಗಿದೀಯಲ್ಲ' ಎಂಬುದು ಗಾಬರಿಯಿಂದ ಬಂದರೂ ಅವರಿಗೆ ಬಹುಮಾನ. ಮೈಯ ಬಗ್ಗೆ ಒಂದು ವರ್ಷ ಯಾವ ಮಾತೂ ಬೇಡವೆಂದು ಬಂಧುಗಳಿಗೆ ಹೇಳಿ ಕಳಿಸುತ್ತೇನೆ. ಸೀರೆ ಚೆನ್ನಾಗಿದೆ ಅನ್ನಿ, ಪಾಠ ಹೇಗೆ ನಡೀತಿದೆ ಕೇಳಿ.

7. ರಕ್ತಪರೀಕ್ಷೆ ಇಲ್ಲದೆ ಬರೀ ಮಾತಿನ ಚಿಕಿತ್ಸೆ ಬೇಡ

ಇದು ನನ್ನ ವೃತ್ತಿಯ ಕಿರಿಯರಿಗೆ. ಪದೇ ಪದೇ ವಾಂತಿಯಾದರೆ ರಕ್ತದಲ್ಲಿ ಪೊಟ್ಯಾಸಿಯಂ ಇಳಿಯುತ್ತದೆ, ಹೃದಯದ ಬಡಿತ ತಪ್ಪುತ್ತದೆ. ನೋಡಲು ಗಟ್ಟಿಮುಟ್ಟಾಗಿ, ನಗುತ್ತಾ ಇರುವವರಿಗೂ ಇದು ಆಗುತ್ತದೆ. ಇಸಿಜಿ, ರಕ್ತಪರೀಕ್ಷೆ, ಬಹಳ ಕಾಲ ಮುಟ್ಟು ನಿಂತವರಿಗೆ ಮೂಳೆಯ ಸಾಂದ್ರತೆಯ ಸ್ಕ್ಯಾನ್, ಇವಿಲ್ಲದೆ ನಾನು ಮುಂದುವರಿಯುವುದಿಲ್ಲ. ತೀರಾ ಕ್ಷೀಣಿಸಿದವರಿಗೆ ಮನೆಯವರು ಪ್ರೀತಿಯಿಂದ ಒಮ್ಮೆಗೇ ಹೊಟ್ಟೆತುಂಬ ಬಡಿಸುವುದೂ ಅಪಾಯ. ಹಸಿದ ದೇಹಕ್ಕೆ ಥಟ್ಟನೆ ಊಟ ಸಿಕ್ಕಾಗ ರಕ್ತದ ಫಾಸ್ಫೇಟ್ ಕುಸಿದು ಜೀವಕ್ಕೇ ಕುತ್ತು ಬರಬಹುದು. ಅಂಥವರಿಗೆ ಆಸ್ಪತ್ರೆಯಲ್ಲಿ, ವೈದ್ಯರ ಕಣ್ಣೆದುರು, ಮೆಲ್ಲಮೆಲ್ಲಗೆ ಊಟ ಹೆಚ್ಚಿಸಬೇಕು. ವಾಂತಿಯಾದ ತಕ್ಷಣ ಹಲ್ಲುಜ್ಜಿದರೆ ಆಮ್ಲದಿಂದ ಮೆದುವಾದ ಎನಾಮಲ್ ಇನ್ನಷ್ಟು ಸವೆಯುತ್ತದೆ, ನೀರಿನಿಂದ ಮುಕ್ಕಳಿಸಬೇಕು ಎಂಬ ಸಣ್ಣ ವಿಷಯವನ್ನೂ ಹೇಳಿ. ಅದನ್ನು ಹೇಳಿದ್ದಕ್ಕೇ ನನ್ನನ್ನು ನಂಬಿದವರಿದ್ದಾರೆ.

ಔಷಧಿಯ ಬಗ್ಗೆಯೂ ಅತಿ ಆಸೆ ಬೇಡ, ಅಸಡ್ಡೆಯೂ ಬೇಡ. ಫ್ಲುಯಾಕ್ಸೆಟಿನ್ ಬುಲಿಮಿಯಾದಲ್ಲಿ ನೆರವಾಗುತ್ತದೆ. ಅನೊರೆಕ್ಸಿಯಾದಲ್ಲಿ ತೂಕ ಮರಳಿದ ಮೇಲೆ ಅದು ಮರುಕಳಿಕೆಯನ್ನು ತಡೆಯುತ್ತದೆಯೇ ಎಂದು ಪರೀಕ್ಷಿಸಿದ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ಅದರಲ್ಲಿ ಔಷಧಿಯಿಲ್ಲದ ಹುಸಿ ಮಾತ್ರೆಗಿಂತ ಹೆಚ್ಚಿನ ಲಾಭ ಕಾಣಲಿಲ್ಲ. ಯಾವುದು ಯಾರಿಗೆ ಎಂಬುದನ್ನು ಮನೋವೈದ್ಯರೇ ತೀರ್ಮಾನಿಸಬೇಕು.

8. ಗಂಡಸರು ತಾವಾಗಿ ಹೇಳುವುದಿಲ್ಲ, ಕೇಳಬೇಕು

ಕೊಬ್ಬು ಇಳಿಸುವ ಜಿಮ್ಮಿನ 'ಕಟಿಂಗ್' ಹೆಸರಿನಲ್ಲಿ ತಿಂಗಳುಗಟ್ಟಲೆ ಉಪವಾಸ, ರಾತ್ರಿ ಬಾಗಿಲು ಹಾಕಿಕೊಂಡು ತಿನ್ನುವುದು. ನಲವತ್ತು ದಾಟಿದ ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬರು ಹೇಳಿದರು: "ಇದು ಹುಡುಗೀರ ಕಾಯಿಲೆ ಅಂತ ಓದಿದ್ದೆ. ನಂಗೆ ಬಂದಿದೆ ಅಂತ ಯಾರಿಗೆ ಹೇಳ್ಲಿ?" ಹನ್ನೆರಡು ವರ್ಷ ಯಾರಿಗೂ ಹೇಳಿರಲಿಲ್ಲ.

9. ಅಪಾಯದ ತಿಂಗಳುಗಳನ್ನು ಮೊದಲೇ ಬರೆದಿಡಿ

ಮನೆಯ ಬೀರುವಿನ ಬಾಗಿಲ ಒಳಗೆ ಅಂಟಿಸಲು ನಾನು ಒಂದು ಹಾಳೆ ಬರೆಸುತ್ತೇನೆ. ರವಿಕೆ ಅಳತೆ ಕೊಡುವ ಮದುವೆಯ ತಿಂಗಳು. ನೆಂಟರು ತುಂಬುವ ದಸರಾ. ವರ್ಗಾವಣೆ. ಮನೆಯಲ್ಲಿ ಸಾವು. ಮುಟ್ಟು ನಿಲ್ಲುವ ವಯಸ್ಸು. ಮಗಳು ದೊಡ್ಡವಳಾಗುವ ವರ್ಷ; ತನ್ನ ಹದಿಹರೆಯದ ಮೈ ಮತ್ತೆ ಕಣ್ಣೆದುರು ಬಂದು ನಿಂತಂತೆ ಎಂದು ಮೂವರು ತಾಯಂದಿರು ಹೆಚ್ಚುಕಡಿಮೆ ಒಂದೇ ಮಾತಿನಲ್ಲಿ ಹೇಳಿದ್ದಾರೆ.

ಎಲ್ಲಕ್ಕಿಂತ ಹೆಚ್ಚು ನಾನು ಹೆದರುವುದು ಬಾಣಂತನಕ್ಕೆ. ಬಸುರಿಯಾಗಿದ್ದಾಗ 'ಮಗುವಿಗಾಗಿ' ಎಂದು ಎಷ್ಟೋ ಜನ ಚೆನ್ನಾಗಿ ಊಟ ಮಾಡುತ್ತಾರೆ, ಕಾಯಿಲೆ ಹೊರಟೇಹೋಯಿತು ಅನ್ನಿಸುತ್ತದೆ. ಹೆರಿಗೆಯಾದ ಮೇಲೆ ಆ ಕಾರಣ ಕೈಬಿಟ್ಟಿರುತ್ತದೆ. ಜೊತೆಗೆ ಪಥ್ಯ: ಇದು ವಾಯು, ಅದು ಶೀತ, ಇನ್ನೊಂದು ಮಗುವಿಗೆ ಆಗುವುದಿಲ್ಲ. ಊಟ ಬಿಡುವುದಕ್ಕೆ ಇಡೀ ಮನೆಯೇ ಪಟ್ಟಿ ಬರೆದುಕೊಟ್ಟಂತೆ. ಹೊಟ್ಟೆಗೆ ಬಟ್ಟೆ ಬಿಗಿದು ಕಟ್ಟುತ್ತಾ 'ಮೊದ್ಲಿನ ಹಾಗೆ ಆಗ್ಬೇಕು' ಎನ್ನುವವರು ಬೇರೆ. ನಿದ್ದೆಯಿಲ್ಲದ ರಾತ್ರಿಗಳು ಬೇರೆ. ಇಂಥ ಹಿನ್ನೆಲೆ ಇರುವವರ ತವರಿಗೆ ಈಗ ನಾನು ಏಳನೇ ತಿಂಗಳಲ್ಲೇ ಮಾತಾಡುತ್ತೇನೆ. ಮೆಣಸಿನ ಸಾರು, ತುಪ್ಪ ಎಲ್ಲ ಇರಲಿ, ಪಟ್ಟಿಯಿಂದ ತೆಗೆಯುವುದು ಬೇಡ, ಸೇರಿಸುವುದಿದ್ದರೆ ಸೇರಿಸಿ ಎಂದು ಅಮ್ಮಂದಿರನ್ನು ಬೇಡಿಕೊಳ್ಳುತ್ತೇನೆ. ಹೆಚ್ಚಿನವರು ಒಪ್ಪುತ್ತಾರೆ. ಒಪ್ಪದವರ ಮಗಳಿಗೆ ವಾರಕ್ಕೆರಡು ಸಲ ಫೋನ್ ಮಾಡುತ್ತೇನೆ.

ಹಾಳೆಯ ಕೆಳಗೆ ಎರಡು ನಂಬರ್ ಇರುತ್ತವೆ. ಒಂದು ಅವರು ಆರಿಸಿಕೊಂಡ ವ್ಯಕ್ತಿಯದು. ಇನ್ನೊಂದು 14416, ಟೆಲಿ ಮಾನಸ್; 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರಿ ಸಹಾಯವಾಣಿ. ಮಧ್ಯರಾತ್ರಿ ನನ್ನ ಫೋನ್ ಆಫ್ ಆಗಿದ್ದರೂ ಅಲ್ಲಿ ಕನ್ನಡದಲ್ಲಿ ಮಾತಾಡಬಹುದು. ಖರ್ಚಿನ ಬಗ್ಗೆ ಕೇಳುವವರಿಗೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 21ನೇ ಸೆಕ್ಷನ್ ತೋರಿಸುತ್ತೇನೆ. ದೈಹಿಕ ಕಾಯಿಲೆಗೆ ಇರುವಂತೆಯೇ ಮಾನಸಿಕ ಕಾಯಿಲೆಗೂ ವೈದ್ಯಕೀಯ ವಿಮೆ ಒದಗಿಸಬೇಕೆಂದು ಅದು ಹೇಳುತ್ತದೆ. ವಿಮೆಯವರು ಮೊದಲ ಸಲ ಅರ್ಜಿ ತಳ್ಳಿಹಾಕಿದರೆ ಸೆಕ್ಷನ್ ನಮೂದಿಸಿ ಮತ್ತೆ ಬರೆಯಿರಿ.

10. 'ಇದು ಹೋಗೋದಲ್ಲ' ಎಂದು ಯಾರಿಗೂ ಹೇಳಬೇಡಿ

ಹತ್ತು ವರ್ಷ ದಾಟಿದ ಕಾಯಿಲೆಯ ಬಗ್ಗೆ ವೈದ್ಯರೂ ಕೈಚೆಲ್ಲುವುದುಂಟು. ನಾನೂ ಮನಸ್ಸಿನಲ್ಲಿ ಕೈಚೆಲ್ಲಿದ್ದೇನೆ, ಬಾಯಲ್ಲಿ ಹೇಳದಿದ್ದರೂ ಎದುರಿನವರಿಗೆ ಅದು ಗೊತ್ತಾಗಿದೆ. 2017ರಲ್ಲಿ ಪ್ರಕಟವಾದ ಬಾಸ್ಟನ್ನಿನ ಅಧ್ಯಯನವೊಂದು ನನ್ನ ನಿಲುವನ್ನು ಬದಲಿಸಿತು. ಅಲ್ಲಿ ಊಟದ ಕಾಯಿಲೆಯ ಮಹಿಳೆಯರನ್ನು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಹಿಂಬಾಲಿಸಿ ನೋಡಿದರು. ಒಂಬತ್ತನೇ ವರ್ಷಕ್ಕೆ ಅನೊರೆಕ್ಸಿಯಾ ಇದ್ದವರಲ್ಲಿ ಗುಣವಾಗಿದ್ದವರು ಶೇ. 31ರಷ್ಟು ಮಾತ್ರ. ಅಲ್ಲಿಗೆ ನಿಲ್ಲಿಸಿದ್ದರೆ ನಿರಾಸೆಯ ಲೆಕ್ಕ. 22ನೇ ವರ್ಷಕ್ಕೆ ಅದು ಶೇ. 63ರ ಹತ್ತಿರ ಬಂದಿತ್ತು. ಬುಲಿಮಿಯಾ ಇದ್ದವರಲ್ಲಿ ಶೇ. 68ರಷ್ಟು ಮಂದಿ ಒಂಬತ್ತನೇ ವರ್ಷಕ್ಕೇ ಗುಣವಾಗಿದ್ದರು. ಅಂದರೆ ಒಂಬತ್ತು ವರ್ಷವಾದರೂ ಅನೊರೆಕ್ಸಿಯಾದಿಂದ ಹೊರಬರದಿದ್ದವರಲ್ಲಿ ಸುಮಾರು ಅರ್ಧದಷ್ಟು ಮಂದಿ ಆಮೇಲೆ ಹೊರಬಂದರು. ಈ ಲೆಕ್ಕವನ್ನು ನಾನು ಕಾಗದದಲ್ಲಿ ಬರೆದು ಕೊಡುತ್ತೇನೆ. ಕೆಲವರು ಅದನ್ನು ಪರ್ಸಿನಲ್ಲಿ ಮಡಚಿ ಇಟ್ಟುಕೊಂಡಿದ್ದಾರೆ.

ಎಲ್ಲರೂ ಹೊರಬರುವುದಿಲ್ಲ ಎಂಬುದನ್ನೂ ನಾನು ಮುಚ್ಚಿಡುವುದಿಲ್ಲ. ಒಬ್ಬರನ್ನು ನಾವು ಕಳೆದುಕೊಂಡೆವು. ಅವರ ತಂದೆ ಈಗಲೂ ವರ್ಷಕ್ಕೊಮ್ಮೆ ಬಂದು ಐದು ನಿಮಿಷ ಕೂತು ಹೋಗುತ್ತಾರೆ. ನಾವಿಬ್ಬರೂ ಹೆಚ್ಚು ಮಾತಾಡುವುದಿಲ್ಲ.

ಆ ಶಿಕ್ಷಕಿಗೆ ಈಗ ಐವತ್ತರ ಹತ್ತಿರ. ನಡುವೆ ಎರಡು ಸಲ ಮರುಕಳಿಸಿತು. ಒಮ್ಮೆ ತಾಯಿ ತೀರಿಕೊಂಡಾಗ, ಇನ್ನೊಮ್ಮೆ ಯಾವ ಕಾರಣವೂ ಕಾಣದೆ. ಮೊದಲ ಸಲ ನನ್ನ ಹತ್ತಿರ ಬರಲು ಎಂಟು ತಿಂಗಳು ತೆಗೆದುಕೊಂಡರು, ಎರಡನೇ ಸಲ ಒಂಬತ್ತು ದಿನ. ಈಗ ಮೂರು ತಿಂಗಳಿಗೊಮ್ಮೆ ಶನಿವಾರ ಶಾಲೆ ಮುಗಿಸಿಕೊಂಡು ಬರುತ್ತಾರೆ. ಹೋದ ಸಲ ಬಂದಾಗ ನಮ್ಮಲ್ಲಿ ಅಪಾಯಿಂಟ್‌ಮೆಂಟ್ ಬರೆದುಕೊಳ್ಳುವ ಹುಡುಗಿ ಎಲ್ಲರನ್ನೂ ಕೇಳುವ ಹಾಗೆ ಇವರನ್ನೂ ಕೇಳಿದಳು, "ಊಟ ಆಯ್ತಾ ಟೀಚರ್?" ಒಳಗಿದ್ದ ನನಗೆ ಅವರ ದನಿ ಕೇಳಿಸಿತು. "ಇಲ್ಲ ಕಣಮ್ಮ, ಇನ್ನೂ ಆಗಿಲ್ಲ. ಡಬ್ಬಿ ಇದೆ. ಹತ್ತು ನಿಮಿಷ ತಡ ಆಗತ್ತೆ ಅಂತ ಮೇಡಂಗೆ ಹೇಳು." ಡಬ್ಬಿಯ ಮುಚ್ಚಳ ತೆಗೆದ ಸದ್ದಾಯಿತು. ನಾನು ಕಿಟಕಿಯ ಕಡೆ ತಿರುಗಿ ಕಾಯುತ್ತಾ ಕೂತೆ.